ಮೇ ತಿಂಗಳಲ್ಲಿ 45 ಜನರ ಒಂದು ದಿನದ ಪ್ರವಾಸ: ತಿಳಿದವರು ಹೇಳಿ

ಕೇಳಿದವರು (ಬಡಾವಣೆ ಕ್ಲಬ್ ಕಾರ್ಯದರ್ಶಿ): ಬೆಂಗಳೂರಿನ ನಮ್ಮ ಬಡಾವಣೆಯ ಕುಟುಂಬ ಕ್ಲಬ್ಬಿನಿಂದ ಮೇ ತಿಂಗಳ ಒಂದು ಭಾನುವಾರ ಪ್ರವಾಸ ಹೊರಡಿಸಬೇಕು. ಒಟ್ಟು 45 ಜನ, 12 ಮಕ್ಕಳು, 60 ದಾಟಿದವರು 9. ಶ್ರೀರಂಗಪಟ್ಟಣದ ಕಡೆ ಎಲ್ಲರಿಗೂ ಒಪ್ಪಿಗೆ. ಬಲಮುರಿಯಲ್ಲಿ ಮಕ್ಕಳಿಗೆ ನೀರಾಟ ಆಡಿಸೋಣ ಅಂತ ಕೆಲವರಿಗೆ ಆಸೆ. ಉಳಿದ ಭಾನುವಾರಗಳಿಗೆ ಬಡಾವಣೆಯಲ್ಲೇ ದೊಡ್ಡವರೂ ಮಕ್ಕಳೂ ಕೂಡಿ ಆಡುವ ಆಟವೂ ಬೇಕು. ಹೌಸಿ ಆಡಿ ಆಡಿ ಸಾಕಾಗಿದೆ.

ಬಸ್ ಬುಕಿಂಗ್ ನೋಡುವವರು: 49 ಸೀಟಿನ ಒಂದೇ ಬಸ್ ಮಾಡಿ. 33 ಸೀಟಿನದು ಒಂದು, ಟಿ.ಟಿ. (ಟೆಂಪೋ ಟ್ರಾವೆಲರ್) ಒಂದು ಅಂತ ಹೊರಟರೆ ಒಂದು ಗಾಡಿ ಇನ್ನೊಂದಕ್ಕೆ ಕಾಯುವುದರಲ್ಲೇ ಬೆಳಗ್ಗೆ ಕಳೆಯುತ್ತದೆ. ರೇಟು ಕೇಳುವಾಗ ನಾಲ್ಕು ವಿಷಯ ಬಾಯಿಬಿಟ್ಟು ಕೇಳಿ: ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಲೆಕ್ಕ, ಮೀಟರ್ ನಿಮ್ಮ ಗೇಟಿನಿಂದಲೋ ಅವರ ಗ್ಯಾರೇಜಿನಿಂದಲೋ, ಟೋಲ್ ಮತ್ತು ಪಾರ್ಕಿಂಗ್ ಯಾರದು, ಡ್ರೈವರ್ ಬಾಟಾ (ದಿನಭತ್ಯೆ) ಸೇರಿದೆಯೋ ಇಲ್ಲವೋ. ಹೋಗಿ ಬರುವುದು ಸುಮಾರು 260 ಕಿ.ಮೀ. ಆದರೂ ಗ್ಯಾರೇಜ್ ಲೆಕ್ಕ ಹಾಕಿದರೆ 300ರ ಹತ್ತಿರ ಬಿಲ್ ಬರುತ್ತದೆ. ಕೊನೆಯ ದಿನ ಜಗಳ ಆಗುವುದು ಇಲ್ಲೇ.

ಬಸ್ಸಿನ ಬಾಡಿಗೆಯನ್ನು 45ರಿಂದ ಭಾಗಿಸಬೇಡಿ, 38ರಿಂದ ಭಾಗಿಸಿ. ಕೊನೆಯ ವಾರದಲ್ಲಿ ಐದಾರು ಜನ ತಪ್ಪಿಸಿಕೊಳ್ಳುವುದು ಖಾತ್ರಿ. ಉಳಿದರೆ ವಾಪಸ್ ಕೊಟ್ಟರಾಯಿತು, ಕಮ್ಮಿ ಬಿದ್ದರೆ ಯಾರನ್ನು ಕೇಳ್ತೀರಿ?

5:30ಕ್ಕೆ ಹೊರಡಿ. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೇಕೆಂದಲ್ಲಿ ನಿಲ್ಲಿಸಲು ಆಗಲ್ಲ, ಅದು ಬಿಡದಿ, ಮದ್ದೂರು ಊರುಗಳನ್ನು ಬಳಸಿಕೊಂಡು ಹೋಗುತ್ತದೆ. ತಟ್ಟೆ ಇಡ್ಲಿ ಎಲ್ಲಿ ಅಂತ ಮೊದಲೇ ತೀರ್ಮಾನಿಸಿ, ಎಲ್ಲಿ ಸರ್ವಿಸ್ ರಸ್ತೆಗೆ ಇಳಿಯಬೇಕೆಂದು ಡ್ರೈವರ್‌ಗೆ ಹೇಳಿರಿ. ಹೋಟೆಲಿಗೆ ಹಿಂದಿನ ಸಂಜೆ ಫೋನ್ ಮಾಡಿ "45 ಜನ, 7 ಗಂಟೆ" ಅಂದರೆ ಅರ್ಧ ಗಂಟೆಯಲ್ಲಿ ತಿಂಡಿ, ಕಾಫಿ, ಶೌಚಾಲಯ ಮೂರೂ ಮುಗಿಯುತ್ತವೆ.

ವಾಂತಿ ಆಗುವ ಮಕ್ಕಳನ್ನು ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರಿಸಲೇಬೇಡಿ.

ಮಂಡ್ಯ ಕಡೆಯವರು: ಬಲಮುರಿ ಬೇಡ ಸರ್. ನೋಡೋಕೆ ಮೊಣಕಾಲುದ್ದ ನೀರು, ಆದರೆ ಒಡ್ಡಿನ ಕಲ್ಲಿನ ಮೇಲೆ ಪಾಚಿ, ಕೆಳಗೆ ಗುಂಡಿಗಳು. ಅದಕ್ಕಿಂತ ಹೆಚ್ಚಾಗಿ ಅದು ಕೆ.ಆರ್.ಎಸ್. ಅಣೆಕಟ್ಟಿನ ಕೆಳಗಿರುವ ಜಾಗ, ಮೇಲೆ ನೀರು ಬಿಟ್ಟರೆ ಇಲ್ಲಿ ಏರುತ್ತದೆ. 12 ಮಕ್ಕಳನ್ನು ಕಾಯುವವರು ಯಾರು? ಮುತ್ತತ್ತಿ, ಸಂಗಮ ಅಂತ ಇನ್ಯಾರಾದರೂ ಹೇಳಿದರೂ ಇದೇ ಉತ್ತರ.

ನೀರು ಬೇಕೇಬೇಕು ಅಂದರೆ ರಂಗನತಿಟ್ಟಿನ ದೋಣಿ. 1940ರಿಂದ ಪಕ್ಷಿಧಾಮ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು. ಬಾಗಿಲು ತೆಗೆಯುವ ಹೊತ್ತಿಗೇ ಗೇಟಿನಲ್ಲಿರಿ. ತಡವಾದರೆ ಬಿಸಿಲಲ್ಲಿ ಸಾಲು ನಿಲ್ಲಬೇಕು. ಮೊಸಳೆಗಳು ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುತ್ತವೆ, ಮಕ್ಕಳ ಕೈ ದೋಣಿಯೊಳಗೇ ಇರಲಿ.

ಹತ್ತೂವರೆಗೆ ದರಿಯಾ ದೌಲತ್, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ. 1784ರ ತೇಗದ ಕಟ್ಟಡ, ಒಳಗೆ ನೆರಳು, ಹಿರಿಯರಿಗೆ ಹತ್ತುವ ಕಷ್ಟವಿಲ್ಲ. ಮಕ್ಕಳು ಬೇಸರಪಡದಿರಲು ಒಂದು ಕೆಲಸ ಕೊಡಿ: ಗೋಡೆಯ ಮೇಲಿನ ಪೊಲ್ಲಿಲೂರು ಯುದ್ಧದ ಚಿತ್ರದಲ್ಲಿ ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಕರ್ನಲ್ ಬೇಯ್ಲಿಯನ್ನು ಹುಡುಕಲಿ. ಮೈಸೂರು ಮೃಗಾಲಯವನ್ನೂ ಸೇರಿಸುವ ದುರಾಸೆ ಬೇಡ, ಅಲ್ಲಿ ನಡಿಗೆಯೇ ಎರಡು ಮೂರು ಗಂಟೆ.

ಊಟ ಎಲ್ಲಿ ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ಸ್ಮಾರಕದ ಹುಲ್ಲುಹಾಸಿನಲ್ಲಿ ಬುತ್ತಿ ಬಿಚ್ಚಲು ಬಿಡುವುದಿಲ್ಲ. ಫ್ಯಾನು, ನೀರು, ಶೌಚಾಲಯ ಇರುವ ಛತ್ರವನ್ನು 12ರಿಂದ 3ರವರೆಗೆ ಹಿಡಿಯಿರಿ. ಮೇ ತಿಂಗಳಾದ್ದರಿಂದ ಮೊದಲು ಪಂಚಾಂಗ ನೋಡಿ. ಮದುವೆ ಮುಹೂರ್ತ ಇರುವ ಭಾನುವಾರ ಯಾವ ಛತ್ರವೂ ಸಿಗುವುದಿಲ್ಲ, ದಾರಿಯೂ ಜಾಮ್. 3:30ಕ್ಕೆ ಬಸ್ ಹತ್ತಿಬಿಡಿ, ಸಂಜೆ ಗುಡುಗು ಮಳೆ ಬರುವ ಕಾಲ.

ಅಡುಗೆ ಮಾಡಿಸುವವರು: ಬುತ್ತಿ ಒಯ್ಯುವುದಾದರೆ ಒಟ್ಟು 5 ಕೆಜಿ ಅಕ್ಕಿ, 3 ಕೆಜಿ ಪುಳಿಯೋಗರೆಗೆ, 2 ಕೆಜಿ ಮೊಸರನ್ನಕ್ಕೆ. ಪುಳಿಯೋಗರೆಯ ಅನ್ನವನ್ನು ಎಳ್ಳೆಣ್ಣೆ ಹಾಕಿ ಹರಡಿ ಪೂರ್ತಿ ಆರಿಸಿ, ಆಮೇಲೆ ಗೊಜ್ಜು ಕಲಸಿ. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಒಳಗೆ ಬೆವರಿ ಮಧ್ಯಾಹ್ನಕ್ಕೆ ಹಳಸಲು ವಾಸನೆ. ಹಸಿ ಕಾಯಿತುರಿ ಯಾವುದಕ್ಕೂ ಬೇಡ. ಕಾಯಿಚಟ್ನಿ ಬದಲು ಚಟ್ನಿಪುಡಿ.

ಮೊಸರನ್ನಕ್ಕೆ ಮೊಸರು ಸುರಿಯುವುದೇ ತಪ್ಪು. ಅನ್ನ ಮೆತ್ತಗೆ ಬೆಂದಿರಲಿ. ಕೆಜಿ ಅಕ್ಕಿಗೆ ಕಾಯಿಸಿ ಆರಿಸಿದ ಹಾಲು ಒಂದೂವರೆ ಲೀಟರ್, ಮೊಸರು ಎರಡು ಮೂರು ದೊಡ್ಡ ಚಮಚ ಅಷ್ಟೆ. ಅನ್ನ ಉಗುರುಬೆಚ್ಚಗಾದ ಮೇಲೆ ಕಲಸಿದರೆ ದಾರಿಯಲ್ಲೇ ಹದವಾಗಿ ಹೆಪ್ಪಾಗುತ್ತದೆ. ತೀರಾ ಬಿಸಿಯಲ್ಲಿ ಕಲಸಿದರೆ ಹೆಪ್ಪು ಸತ್ತು ಹಾಲನ್ನವಾಗಿಯೇ ಉಳಿಯುತ್ತದೆ. ಸೌತೆಕಾಯಿ, ದಾಳಿಂಬೆ ಬಡಿಸುವಾಗ ಬೆರೆಸಿ.

ಕುಡಿಯುವ ನೀರು ತಲೆಗೆ 3 ಲೀಟರ್ ಲೆಕ್ಕ, ಅಂದರೆ 20 ಲೀಟರಿನ ಕ್ಯಾನ್ 7. ಕೈಪಂಪು ಮರೆಯಬೇಡಿ, ಓಡುವ ಬಸ್ಸಲ್ಲಿ ಕ್ಯಾನ್ ಬಗ್ಗಿಸಿದರೆ ಅರ್ಧ ನೀರು ನೆಲಕ್ಕೆ. ಓ.ಆರ್.ಎಸ್. ಪೊಟ್ಟಣ ಇಟ್ಟುಕೊಳ್ಳಿ, ಇಲ್ಲದಿದ್ದರೆ ಲೀಟರ್ ನೀರಿಗೆ ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಎರಡೂ ಗೀರಿ ಸಮ ಮಾಡಿದ ಅಳತೆ. ಉಪ್ಪು ಕಣ್ಣಳತೆಯಲ್ಲಿ ಹಾಕಬೇಡಿ, ಹೆಚ್ಚಾದರೆ ಚಿಕ್ಕ ಮಕ್ಕಳಿಗೆ ಅಪಾಯ.

ಬೇಸಿಗೆ ಶಿಬಿರ ನಡೆಸುವವರು: ಬಡಾವಣೆಯ ಭಾನುವಾರಕ್ಕೆ ಮನುಷ್ಯರೇ ಕಾಯಿಯಾಗುವ ಚೌಕಾಬಾರ ಆಡಿಸಿ. ನೆಲದ ಮೇಲೆ 5×5 ಮನೆ, ಒಂದೊಂದು ಮನೆ 2 ಅಡಿ. ಸೀಮೆಸುಣ್ಣ ಹತ್ತು ನಿಮಿಷದಲ್ಲಿ ಕಾಲಿಗೆ ಅಳಿಸುತ್ತದೆ, ಕಾಗದದ ಟೇಪ್ ಅಂಟಿಸಿ: 10 ಅಡಿಯ ಗೆರೆ 12, ಒಟ್ಟು 120 ಅಡಿ, 20 ಮೀಟರಿನ ರೋಲ್ ಎರಡು. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಗುಣಿಸು ಗುರುತು ಹಾಕಿ, ಅವು ಕಟ್ಟೆ, ಅಂದರೆ ಅಲ್ಲಿರುವ ಕಾಯಿಯನ್ನು ಹೊಡೆಯುವಂತಿಲ್ಲ. ನಾಲ್ಕು ತಂಡ, ತಂಡಕ್ಕೆ ನಾಲ್ಕು ಕಾಯಿ ಮಕ್ಕಳು ಅನ್ನುವುದು ಸರಿಯಾದ ಲೆಕ್ಕ, ಆದರೆ ಆಟ ಮುಗಿಯುವುದಿಲ್ಲ, ಚಿಕ್ಕವರು ನಿಂತು ನಿಂತು ಅಳುತ್ತಾರೆ. ಎರಡೆರಡು ಕಾಯಿ ಸಾಕು. ಕವಡೆ ಹಾಕುವುದು ಅಜ್ಜ ಅಜ್ಜಿಯರ ಕೆಲಸ, ಕುರ್ಚಿ ಮೇಲೆ ಕೂತು ತಟ್ಟೆಯಲ್ಲಿ. ನಾಲ್ಕೂ ಅಂಗಾತ ಬಿದ್ದರೆ ಚೌಕ 4, ನಾಲ್ಕೂ ಬೋರಲಾದರೆ ಬಾರ 8, ಎರಡಕ್ಕೂ ಇನ್ನೊಂದು ಸಲ. ಒಂದು ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನುವ ನಿಯಮ ಕೆಲವರ ಮನೆಯಲ್ಲಿದೆ, ಕೆಲವರಲ್ಲಿಲ್ಲ. ಆಟ ಶುರುವಾಗುವ ಮುಂಚೆಯೇ ಅದನ್ನು ಜೋರಾಗಿ ಹೇಳಿಬಿಡಿ.

ಕೇಳಿದವರು: ಬಲಮುರಿ ಕೈಬಿಟ್ಟೆವು. ಹುಣಸೆ ಬೀಜ ತೇಯ್ದು ಕವಡೆ ಬದಲು ಬಳಸಬಹುದಾ?

ಬೇಸಿಗೆ ಶಿಬಿರ ನಡೆಸುವವರು: ಆಗುತ್ತೆ. ಒಂದೇ ಬದಿ ಬಿಳಿ ಕಾಣುವಷ್ಟು ತೇಯಿರಿ, ಹತ್ತು ಮಾಡಿಟ್ಟುಕೊಳ್ಳಿ, ಮಕ್ಕಳು ಕಳೆದುಹಾಕುತ್ತಾರೆ.