ಪದಚರ್ಚೆ: ಕಪ್ ಮೇಲಿನ ಫೋಟೋಗೆ ‘ಇಂಗಚ್ಚು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನನ್ನ ತಂಗಿ ಹಾಸನದಲ್ಲಿ ಫೋಟೋ ಕಪ್, ಫೋಟೋ ದಿಂಬು, ಕೀ ಚೈನ್ ಮಾಡಿಕೊಡುವ ಅಂಗಡಿ ಹಾಕುತ್ತಿದ್ದಾಳೆ. ಬೋರ್ಡು, ಕರಪತ್ರ ಎರಡೂ ಕನ್ನಡದಲ್ಲೇ ಇರಬೇಕು ಅಂತ ಅವಳ ಆಸೆ. ಬರೆಯುವ ಕೆಲಸ ನನ್ನದು. ಕಾಗದದ ಮೇಲಿನ ಫೋಟೋವನ್ನು ಬಿಸಿ ಒತ್ತಿ ಕಪ್‌ಗೆ ಇಳಿಸುವ ‘ಸಬ್ಲಿಮೇಶನ್ ಪ್ರಿಂಟಿಂಗ್’ ಅನ್ನುವ ಕಡೆ ಬಂದು ನಿಂತಿದ್ದೇನೆ.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಸಬ್ಲಿಮೇಶನ್‌ಗೆ ‘ಉತ್ಪತನ’ ಅಂತಿದೆ. ಕರ್ಪೂರ ನೀರಾಗದೆ ನೇರವಾಗಿ ಆವಿಯಾಗುತ್ತದಲ್ಲ, ಅದು. ಕರ್ಪೂರಕ್ಕೆ ಈ ಪದ ಚೆನ್ನಾಗಿ ಒಪ್ಪುತ್ತದೆ. ಉತ್ಪತನ ಅಂದರೆ ಮೇಲಕ್ಕೆ ಹಾರುವುದು. ಆದರೆ ‘ಉತ್ಪತನ ಮುದ್ರಣ’ ಅಂತ ಬೋರ್ಡು ಹಾಕಿದರೆ ಬಣ್ಣ ಹಾರಿಹೋಗುತ್ತದೆ ಅಂತಲೇ ಅರ್ಥವಾಗುತ್ತದೆ, ಅಲ್ವಾ? ಕಪ್ ಮೇಲೆ ನಡೆಯುವುದು ಬೇರೆಯೇ.

ಹೋದ ವಾರ ಅವಳ ಪಕ್ಕ ಕೂತು ನೋಡಿದೆ. ನಮ್ಮ ಅಜ್ಜಿಯ ಫೋಟೋ. ಮೊದಲು ಕಾಗದದ ಮೇಲೆ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾಗಿ ಬಂತು. ಬಣ್ಣ ಪೇಲವ. ಅಜ್ಜಿಯ ಕೆಂಪು ಸೀರೆ ಮಾಸಿದ ಕಂದು. ಕಾಗದವನ್ನು ಕಪ್‌ಗೆ ಸುತ್ತಿ, ಟೇಪ್ ಅಂಟಿಸಿ, ಬಿಸಿ ಪ್ರೆಸ್‌ನಲ್ಲಿ ಇಟ್ಟಳು. 180 ಡಿಗ್ರಿ, 3 ನಿಮಿಷ. ಬಿಚ್ಚಿದಾಗ ಸೀರೆ ಕುಂಕುಮದ ಹಾಗೆ ಕೆಂಪಾಗಿತ್ತು. ಬೆರಳಾಡಿಸಿದೆ. ಫೋಟೋದ ಅಂಚು ಕೈಗೆ ಸಿಗಲಿಲ್ಲ. ಬಣ್ಣ ಆವಿಯಾಗಿ ಕಪ್‌ನ ಪಾಲಿಯೆಸ್ಟರ್ ಲೇಪದ ಒಳಗೇ ಹೋಗಿ ಕೂತಿರುತ್ತದೆ. ಮನೆಯ ಮಾಮೂಲಿ ಪಿಂಗಾಣಿ ಕಪ್ ಕೊಟ್ಟೆ. ‘ಇದಕ್ಕೆ ಹಿಡಿಯಲ್ಲ ಅಣ್ಣ’ ಅಂದಳು. ಪಾಲಿಯೆಸ್ಟರ್ ಇಲ್ಲದ ಹತ್ತಿ ಬಟ್ಟೆಗೂ ಹಿಡಿಯಲ್ಲವಂತೆ. ಈ ವಿದ್ಯೆ ಹುಟ್ಟಿದ್ದೂ ಜವಳಿಯಲ್ಲೇ: 1957ರಲ್ಲಿ ಫ್ರಾನ್ಸಿನ ರೂಬೇ ಊರಿನ ಬಟ್ಟೆ ಕಂಪನಿಯೊಂದರಲ್ಲಿದ್ದ ನೋಯೆಲ್ ದ ಪ್ಲಾಸ್ ಅವರು ಬಿಸಿಗೆ ನೇರವಾಗಿ ಆವಿಯಾಗುವ ಬಣ್ಣದ ಈ ಗುಣವನ್ನು ಕಂಡುಕೊಂಡರು.

ಹಾಗಾಗಿ ಬಣ್ಣ ಹೇಗೆ ಹೊರಡುತ್ತದೆ ಅನ್ನುವುದಕ್ಕಿಂತ ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವುದರ ಮೇಲೆ ಪದ ಕಟ್ಟಬೇಕು ಅಂತ ನನಗನಿಸುತ್ತದೆ. ನೀರು ನೆಲದೊಳಕ್ಕೆ ಇಳಿದರೆ ‘ಇಂಗಿತು’ ಅನ್ನುತ್ತೇವೆ. ಇಂಗುಗುಂಡಿ ಎಲ್ಲರಿಗೂ ಗೊತ್ತು. ‘ಅಚ್ಚು’ ಬೆಲ್ಲದ ಅಚ್ಚಿನಿಂದ ಅಚ್ಚುಕೂಟದವರೆಗೆ ನಮ್ಮದೇ ಪದ. ಇಂಗು, ಅಚ್ಚು ಸೇರಿ ‘ಇಂಗಚ್ಚು’. ಊರು, ಅಲ್ಲಿ ಸೇರಿ ಊರಲ್ಲಿ ಆದ ಹಾಗೆ ಲೋಪಸಂಧಿ.

ನನ್ನ ಅನುಮಾನ ಒಂದೇ. ಇಂಗಿದ ನೀರು ಕಣ್ಣಿಗೆ ಕಾಣದೆ ಹೋಗುತ್ತದೆ, ಈ ಬಣ್ಣ ಎದ್ದು ಕಾಣುತ್ತದೆ. ಒಗ್ಗರಣೆಯ ಇಂಗು ನೆನಪಾದೀತು ಅಂತ ತಂಗಿ ಅಂದಳು, ಅದು ನನಗೆ ದೊಡ್ಡ ತೊಡಕಲ್ಲ. ‘ಆವಿಯಚ್ಚು’ ಅಂದರೆ ಇಡ್ಲಿ ಪಾತ್ರೆಯ ಆವಿ ಕಣ್ಣಮುಂದೆ ಬರುತ್ತದೆ, ಇಲ್ಲಿ ನೀರಿನ ಸೋಂಕೇ ಇಲ್ಲ. ‘ಹಚ್ಚೆ’ ಅರ್ಥಕ್ಕೆ ತುಂಬಾ ಹತ್ತಿರ, ಚರ್ಮದೊಳಗೆ ಇಳಿದು ಉಳಿಯುವ ಬಣ್ಣ ಅದು. ಆದರೆ ಆ ಪದ ಮೈಯನ್ನು ಬಿಟ್ಟು ಬರಲ್ಲ.

ಯಂತ್ರದ ಪಕ್ಕ ನಿಂತವರೇ ಪದ ಕಟ್ಟಿದ್ದೂ ಉಂಟು. 1991ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಶ್ ಎಡಿಷನ್ಸ್ ಅನ್ನುವ ಮುದ್ರಣ ಸ್ಟುಡಿಯೋದಲ್ಲಿ ಪ್ರಿಂಟ್ ತೆಗೆಯುತ್ತಿದ್ದ ಜಾಕ್ ಡುಗಾನ್ ಅವರಿಗೆ ಕಲಾವಿದರ ಪ್ರಿಂಟ್‌ಗಳನ್ನು ‘ಇಂಕ್‌ಜೆಟ್’ ಅಂತ ಕರೆಯಲು ಮನಸ್ಸು ಬರಲಿಲ್ಲ. ಫ್ರೆಂಚಿನಲ್ಲಿ ‘ಚಿಮ್ಮು’ ಅನ್ನುವ ಅರ್ಥದ ಪದದಿಂದ ‘ಝಿಕ್ಲೇ’ ಅಂತ ಕಟ್ಟಿದರು. ಇವತ್ತು ಗ್ಯಾಲರಿಗಳಲ್ಲಿ ಅದೇ ನಡೆಯುತ್ತಿದೆ. ಯಂತ್ರ ಶಾಯಿ ಚಿಮ್ಮಿಸುತ್ತದೆ, ಅದನ್ನೇ ಸುಮ್ನೆ ಹೇಳುವ ಪದ ಅದು.

ತಂಗಿಯ ‘ಹಿಡಿಯಲ್ಲ’ ನನ್ನ ಕಿವಿಯಲ್ಲೇ ಉಳಿದಿದೆ. ಬಣ್ಣ ಹಿಡಿಯುತ್ತದೆ, ಹತ್ತುತ್ತದೆ, ಕಚ್ಚುತ್ತದೆ ಅಂತೆಲ್ಲ ಅನ್ನುತ್ತೇವೆ. ಇಳಕಲ್, ಗದಗ-ಬೆಟಗೇರಿ ಕಡೆಯವರು, ನೂಲಿಗೆ ಬಣ್ಣ ಹಾಕುವ ಮನೆಯವರು ಯಾರಾದರೂ ಇದ್ದರೆ ಕೇಳುತ್ತೇನೆ: ಬಣ್ಣ ಎಳೆಯ ಒಳಗೆ ಇಳಿದು ನಿಂತರೆ ಒಂದು ಪದ, ಮೇಲೆ ಮಾತ್ರ ಕೂತರೆ ಇನ್ನೊಂದು ಪದ ಅಂತ ನಿಮ್ಮಲ್ಲಿ ಇದೆಯೇ? ಇದ್ದರೆ ನನ್ನ ಇಂಗಚ್ಚು ಬಿಟ್ಟು ಅದನ್ನೇ ಬರೆಸುತ್ತೇನೆ. ಬೋರ್ಡು ಬರೆಯುವವರು ಬರುವ ಸೋಮವಾರ ಬರುತ್ತಾರೆ.