ರೋಮನ್ ಗಾರೆ: ಆಮ್ಲದಲ್ಲಿ ಕರಗಿಸಿ ಸುಣ್ಣದ ಪಾಲು ಕಂಡುಹಿಡಿಯಬಹುದೇ?

ಪ್ರಶ್ನೆ:
ಮಾದರಿ, ರೋಮ್ ನಗರದ ಕ್ರಿ.ಶ. 2ನೇ ಶತಮಾನದ ಗೋಡೆಯ ಗಾರೆ, 40 ಗ್ರಾಂ. 105 ಡಿಗ್ರಿಯಲ್ಲಿ ಒಣಗಿಸಿ, 10% ಹೈಡ್ರೋಕ್ಲೋರಿಕ್ ಆಮ್ಲ ಹಾಕಿ, ಕರಗಿದ್ದೆಲ್ಲ ಸುಣ್ಣ ಅಂತ ಲೆಕ್ಕ ಹಿಡಿದರೆ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಹೇಳುವ 1:3ಕ್ಕಿಂತ (ಸುಣ್ಣ 1, ಮರಳು 3) ಸುಣ್ಣ ಬಹಳ ಜಾಸ್ತಿ ಬರುತ್ತಿದೆ. ಸೋಸುವ ಕಾಗದವೂ ಕಟ್ಟಿಕೊಳ್ಳುತ್ತಿದೆ. ತಪ್ಪೆಲ್ಲಿ?

ಉತ್ತರ 1:
ವಿಧಾನವೇ ಈ ಗಾರೆಗೆ ಹೊಂದುವುದಿಲ್ಲ. ಬರೀ ಸುಣ್ಣ, ಹೊಳೆಮರಳಿನ ಗಾರೆಯಾದರೆ ಸರಿ. ಆ ಮರಳಿನ ಕ್ವಾರ್ಟ್ಸ್ ಆಮ್ಲಕ್ಕೆ ಜಗ್ಗುವುದಿಲ್ಲ. ರೋಮಿನವರು ಬೆರೆಸಿದ್ದು ಜ್ವಾಲಾಮುಖಿ ಬೂದಿ. ಅದರಲ್ಲಿರುವ ಖನಿಜಗಳಾದ ಲ್ಯೂಸೈಟ್, ಜಿಯೊಲೈಟ್‌ಗಳನ್ನೂ ಆಮ್ಲ ಒಡೆಯುತ್ತದೆ, ಆ ಪಾಲೂ ಸುಣ್ಣದ ಲೆಕ್ಕಕ್ಕೆ ಸೇರಿಬಿಡುತ್ತದೆ. ಕಾಗದ ಕಟ್ಟಿಸುತ್ತಿರುವ ಲೋಳೆ ಸಿಲಿಕಾ ಜೆಲ್; ಸುಣ್ಣ ಮತ್ತು ಬೂದಿ ಕೂಡಿ ಹುಟ್ಟಿದ ಅಂಟು ಒಡೆದಾಗ ಬರುವಂಥದ್ದು. ಇನ್ನೊಂದು, 74 ಗ್ರಾಂ ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ 100 ಗ್ರಾಂ ಕ್ಯಾಲ್ಸೈಟ್ ಆಗುತ್ತದೆ. ನಿಮ್ಮದು ತೂಕದ ಲೆಕ್ಕ, ವಿಟ್ರುವಿಯಸ್‌ನದು ಗಾತ್ರದ ಅಳತೆಯ ಪಾಲು. ನೇರ ಹೋಲಿಸಬೇಡಿ.

ಉತ್ತರ 2:
105 ಡಿಗ್ರಿಯೂ ಬೇಡ, 40 ಸಾಕು. ರೋಮ್‌ನ ಟ್ರಾಜನ್ ಮಾರುಕಟ್ಟೆಯ ಗಾರೆಯಲ್ಲಿ ಬಿರುಕನ್ನು ತಡೆಯುವ ಸ್ಟ್ರಾಟ್ಲಿಂಗೈಟ್ ಎಂಬ ತಟ್ಟೆಯಾಕಾರದ ಹರಳು ಸಿಕ್ಕಿದೆ. ಅತಿಯಾಗಿ ಕಾಯಿಸಿದರೆ ಅದು ನೀರು ಬಿಟ್ಟು, ಎಕ್ಸ್‌ಆರ್‌ಡಿಯ (ಎಕ್ಸ್-ಕಿರಣದಿಂದ ಹರಳು ಗುರುತಿಸುವ ಪರೀಕ್ಷೆ) 12.5 ಆಂಗ್‌ಸ್ಟ್ರಮ್ ಶಿಖರ 11ರ ಆಸುಪಾಸಿಗೆ ಜಾರುತ್ತದೆ. ಆಗ ಟೋಬರ್ಮೊರೈಟ್ ಎಂಬ ಬೇರೆ ಹರಳು (11.3) ಅಂತ ತಪ್ಪಾಗಿ ಓದಿಬಿಡುತ್ತೀರಿ. ಅಲ್ಯುಮಿನಿಯಂ ಟೋಬರ್ಮೊರೈಟ್ ಹೆಸರಾಗಿರುವುದು ಸಮುದ್ರದೊಳಗಿನ ಬಂದರು ಕಾಂಕ್ರೀಟಿಗೆ. ಗೋಡೆಯಲ್ಲಿ ಕಂಡರೆ ಮೊದಲು ಒಣಗಿಸಿದ ರೀತಿಯನ್ನೇ ಸಂಶಯಿಸಿ.

ಉತ್ತರ 3:
ಮೊದಲು ತೆಳುಛೇದ (ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳು ಬಿಲ್ಲೆ) ಮಾಡಿ. ಹೊರಪದರ ಬಿಟ್ಟು ಒಳಗಿನ ತುಣುಕು ಆರಿಸಿ, ಎಪಾಕ್ಸಿ ಕುಡಿಸಿ, 30 ಮೈಕ್ರಾನ್‌ಗೆ ಅರೆಯಿರಿ. ಉಪ್ಪು ಕರಗದಂತೆ ನೀರಿನ ಬದಲು ಎಣ್ಣೆ ಬಳಸಿ. ಬೂದಿಕಣದ ಅಂಚಿನಲ್ಲಿ ಪ್ರತಿಕ್ರಿಯೆಯ ಕಟ್ಟು ಕಾಣುತ್ತದೆ. ಅಂಟು, ಬೂದಿ, ರಂಧ್ರ ಇವುಗಳ ಪಾಲನ್ನು ಬಿಂದು ಎಣಿಕೆಯಿಂದ (ಸಮ ಅಂತರದ ಬಿಂದುಗಳಲ್ಲಿ ಏನೇನಿದೆ ಎಂದು ಎಣಿಸಿ) ತೆಗೆಯಿರಿ, ಅದೇ ನಂಬಬಹುದಾದ ಅನುಪಾತ.

ಬಿಳಿ ಸುಣ್ಣದ ಗಂಟುಗಳನ್ನು ಬಿಡಬೇಡಿ. ಒಳಗೆ ಸುಣ್ಣಕಲ್ಲಿನ ಮೂಲ ರಚನೆ, ಪಳೆಯುಳಿಕೆ ಉಳಿದಿದ್ದರೆ ಅದು ಅರೆಬೆಂದ ಕಲ್ಲು. ನುಣ್ಣಗೆ, ಬಿರುಕುಬಿಟ್ಟು ಇದ್ದರೆ ಸುಡುಸುಣ್ಣದ್ದಿರಬಹುದು, ಅಂದರೆ ನೀರು ಹಾಕಿ ಅರಳಿಸದ ಸುಣ್ಣದ್ದು. ಇಟಲಿಯ ಪುರಾತನ ಪಟ್ಟಣ ಪ್ರಿವೆರ್ನಮ್‌ನ ಗಾರೆಯ 2023ರ ಅಧ್ಯಯನ ಇಂಥ ಗಂಟುಗಳಿಂದಲೇ ಬಿಸಿ ಮಿಶ್ರಣದ (ಸುಡುಸುಣ್ಣವನ್ನೇ ನೇರ ಬೆರೆಸುವ) ವಾದ ಮುಂದಿಟ್ಟಿತು.

ಆಮೇಲೆ ಹಗುರಾಗಿ ಪುಡಿಮಾಡಿ, 63 ಮೈಕ್ರಾನ್ ಜರಡಿ ಇಳಿದ ಅಂಶಕ್ಕೆ ಟಿಜಿಎ (ಕಾಯಿಸುತ್ತಾ ತೂಕದ ನಷ್ಟ ಅಳೆಯುವ ಪರೀಕ್ಷೆ) ಮಾಡಿ. 200ರಿಂದ 600 ಡಿಗ್ರಿವರೆಗಿನ ನಷ್ಟ ಬಂಧಿತ ನೀರು, ಅದರ ಮೇಲಿನದು ಇಂಗಾಲದ ಡೈಆಕ್ಸೈಡ್. ಡೈಆಕ್ಸೈಡ್ 11% ಬಂದರೆ ಕ್ಯಾಲ್ಸೈಟ್ 25%. ನೀರಿನ ಪಾಲು ಹೆಚ್ಚಿದಷ್ಟೂ ಬೂದಿ ಚೆನ್ನಾಗಿ ಕೆಲಸ ಮಾಡಿದೆ. ಆದರೆ ಜಿಯೊಲೈಟ್ ಕೂಡ ನೀರು ಬಿಡುತ್ತದೆ, ಹಾಗಾಗಿ ಎಕ್ಸ್‌ಆರ್‌ಡಿ ಪಕ್ಕದಲ್ಲಿಟ್ಟುಕೊಂಡೇ ಓದಿ.