ರಿವರ್ಸ್ ಹಾಕಿದ್ರೆ ಢಬ್ ಅನ್ನುತ್ತೆ, ಇಂಜಿನ್ ಮೌಂಟಿಂಗ್ ಹೋಗಿದ್ಯಾ? ಅನುಭವ ಇದ್ದೋರು ಹೇಳಿ

ಮಡಿಕೇರಿ ಹತ್ರ ಮನೆ. ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್, 62 ಸಾವಿರ ಓಡಿದೆ, ಹೋದ ವರ್ಷ ರೀಮ್ಯಾಪ್ (ಪವರ್ ಜಾಸ್ತಿ ಬರೋಕೆ ಇಂಜಿನ್ ಕಂಪ್ಯೂಟರ್ ಸೆಟ್ಟಿಂಗ್ ಬದಲಾಯಿಸೋದು) ಮಾಡ್ಸಿದ್ದೆ. ಒಂದು ತಿಂಗಳಿಂದ ರಿವರ್ಸ್‌ಗೆ ಹಾಕಿದ್ರೆ ಕೆಳಗಿಂದ ಢಬ್ ಅಂತ ಪೆಟ್ಟು, ಸಂಪಾಜೆ ಘಾಟಿ ತಿರುವಲ್ಲಿ ಆಕ್ಸಲೇಟರ್ ಬಿಟ್ಟು ಒತ್ತಿದ್ರೂ ಅದೇ. ಒಬ್ರು ಸಸ್ಪೆನ್ಷನ್ ಅಂದ್ರು, ಇನ್ನೊಬ್ರು ಇಂಜಿನನ್ನ ಬಾಡಿಗೆ ಹಿಡಿದಿಟ್ಟಿರೋ ರಬ್ಬರ್ ಮೌಂಟಿಂಗ್ ಮೂರೂ ಬದಲಾಯಿಸಿ ಅಂದ್ರು. ಯಾರ ಮಾತು ಕೇಳೋದು?

*

ಸರ್, ಸದ್ಯಕ್ಕೆ ಇಬ್ರ ಮಾತೂ ಬೇಡ. ನಂಗೂ ಇದೇ ಆಗಿತ್ತು, ನಾನು ಮೊದ್ಲು ಲೋಯರ್ ಆರ್ಮ್ ಬುಷ್, ಸ್ಟ್ರಟ್ ಮೌಂಟು ಅಂತ ಸಸ್ಪೆನ್ಷನ್ ಪಾರ್ಟ್ ಎಲ್ಲ ಹೊಸದು ಹಾಕ್ಸಿ, ದುಡ್ಡು ಹೋದ್ಮೇಲೆ ಸದ್ದು ಅಲ್ಲೇ ಇದೆ ಅಂತ ಗೊತ್ತಾಗಿದ್ದು. ಸಸ್ಪೆನ್ಷನ್ ಸದ್ದು ಹೆಚ್ಚಾಗಿ ಬರೋದು ರೋಡಿನ ಗುಂಡಿಗೆ, ಮೌಂಟಿಂಗ್ ಸದ್ದು ಬರೋದು ಆಕ್ಸಲೇಟರ್ ಮೇಲಿನ ನಿಮ್ಮ ಕಾಲಿಗೆ. ಗುಂಡಿ ಇಲ್ಲದ ನುಣ್ಣನೆ ರೋಡಲ್ಲಿ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಎರಡನೇ ಗೇರಲ್ಲಿ ಒತ್ತಿ ಬಿಟ್ಟು ಒತ್ತಿ ಬಿಟ್ಟು ನೋಡಿ, ಪ್ರತಿ ಸಲ ಬಡಿದ್ರೆ ಸ್ಟ್ರಟ್ ಮುಟ್ಟೋಕೆ ಹೋಗ್ಬೇಡಿ.

ಆಮೇಲೆ ಮಟ್ಟವಾದ ಜಾಗದಲ್ಲಿ ನಿಲ್ಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು ಬಾನೆಟ್ ಎತ್ತಿ. ಒಳಗೆ ಕೂತೋರು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡ್ಕೊಂಡೇ ಡಿ, ಆರ್, ಡಿ, ಆರ್ ಅಂತ ಬದಲಾಯಿಸ್ಬೇಕು, ಬೇಕಿದ್ರೆ ಒಂದು ಸೆಕೆಂಡ್ ಮಾತ್ರ ಆಕ್ಸಲೇಟರ್ ಮುಟ್ಟಿ, ಜಾಸ್ತಿ ಹೊತ್ತು ಹಿಡಿದ್ರೆ ಕ್ಲಚ್ ಕಾಯುತ್ತೆ. ಕಾರಿನ ಮುಂದೆ, ಹಿಂದೆ ನಾಯಿನೂ ನಿಲ್ಲಬಾರದು. ನೀವು ಪಕ್ಕದಲ್ಲಿ ನಿಂತು ಮೊಬೈಲಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೀರಿ. ನಂದ್ರಲ್ಲಿ ಇಂಜಿನ್ ಮಲಗಿದ್ದೋನು ಎದ್ದು ಕೂತಂಗೆ ಎದ್ದು ಕೂರ್ತಿತ್ತು, ಒಂದು ಹೋಸ್ ಪೈಪು ಪಕ್ಕದ ಬ್ರಾಕೆಟ್‌ಗೆ ಉಜ್ಜಿ ಉಜ್ಜಿ ಕನ್ನಡಿ ತರ ಹೊಳೀತಿತ್ತು. ಸ್ವಲ್ಪ ಅಲ್ಲಾಡೋದು ಸಹಜ, ಆದ್ರೆ ಒಂದು ಇಂಚಿನಷ್ಟು ಎಗರಿದ್ರೆ ಸುಮ್ನೆ ಬಿಡೋ ವಿಷಯ ಅಲ್ಲ.

ಕೆಳಗಡೆ ಗೇರ್‌ಬಾಕ್ಸನ್ನ ಸಬ್‌ಫ್ರೇಮ್‌ಗೆ (ಇಂಜಿನ್ ಕೆಳಗಿನ ಚೌಕಟ್ಟು) ಹಿಡಿದಿರೋ ಚಿಕ್ಕ ಟಾರ್ಕ್ ಮೌಂಟ್ ಇರುತ್ತಲ್ಲ, ಮೊದಲು ಸಾಯೋದು ಹೆಚ್ಚಾಗಿ ಅದೇ. ಅದರ ರಬ್ಬರಲ್ಲಿ ಕಂಪನಿಯವ್ರೇ ಬಿಟ್ಟಿರೋ ಸಂದು ಇರುತ್ತೆ, ಅದನ್ನ ನೋಡಿ ಹರಿದಿದೆ ಅಂದ್ಕೋಬೇಡಿ. ಹರಿದಿದ್ರೆ ಅಂಚು ಚಿಂದಿಚಿಂದಿ ಆಗಿರುತ್ತೆ, ಸುತ್ತ ಕಪ್ಪು ಪುಡಿ ಉದುರಿರುತ್ತೆ, ರಾಡ್ ಹಾಕಿ ಮೀಟಿದ್ರೆ ಬಾಯಿ ತೆರೆಯುತ್ತೆ. ಮೇಲಿನ ಮೌಂಟ್ ಒಳಗೆ ದ್ರವ ತುಂಬಿರೋ ಟೈಪ್ ಆಗಿದ್ರೆ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿರಸ) ಚೆಲ್ಲಿದಂಗೆ ಕಪ್ಪು ಗೆರೆ ಇಳಿದಿರುತ್ತೆ, ಅದು ಕಂಡ್ರೆ ಅದರ ಕತೆನೂ ಮುಗೀತು.

ಇನ್ನು ಯಾಕೆ ಹೋಗುತ್ತೆ ಅಂದ್ರೆ. ಇಂಜಿನ್ ಅಡ್ಡ ಕೂತಿರೋ ಫ್ರಂಟ್ ವೀಲ್ ಡ್ರೈವ್ ಕಾರಲ್ಲಿ ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎಲ್ಲ ಒಂದೇ ಗಂಟು, ಹಂಗಾಗಿ ಚಕ್ರಕ್ಕೆ ಹೋಗೋ ಟಾರ್ಕ್‌ನ, ಅಂದ್ರೆ ತಿರುಗಿಸೋ ಬಲದ, ಪೂರ್ತಿ ಎದುರೇಟು ಮೌಂಟಿಂಗ್ ಮೇಲೆ. 250 ಎನ್‌ಎಂ ಟಾರ್ಕ್ ಇರೋ ಇಂಜಿನ್, ಫಸ್ಟ್ ಗೇರು ಫೈನಲ್ ಡ್ರೈವ್ ಸೇರಿ 14 ಪಟ್ಟು ಅಂದ್ರೆ 3500 ಎನ್‌ಎಂ. ರೀಮ್ಯಾಪಲ್ಲಿ 50 ಜಾಸ್ತಿ ಆದ್ರೆ ಅಲ್ಲಿ 700 ಜಾಸ್ತಿ. ಅದ್ರ ಮೇಲೆ ನಮ್ಮ ತೋಟದ ಏರು, ಜುಲೈ ಕೆಸರಲ್ಲಿ ಚಕ್ರ ಸುಮ್ನೆ ತಿರುಗ್ತಾ ಇದ್ದು ಕಲ್ಲು ಸಿಕ್ಕ ಕೂಡ್ಲೆ ಗಕ್ ಅಂತ ಹಿಡಿಯುತ್ತಲ್ಲ, ಆ ಒಂದು ಏಟು ಸಾಕು.

ಆದ್ರೆ ನನ್ನದನ್ನ ಕೊಂದಿದ್ದು ಪವರ್ ಅಲ್ಲ, ಎಣ್ಣೆ. ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಬಾರ್ದು ಅಂತ ಅಡಿಗೆಲ್ಲ ಸುಟ್ಟ ಆಯಿಲ್ ಡೀಸೆಲ್ ಕಲಸಿ ಸ್ಪ್ರೇ ಹೊಡೆಸ್ತೀವಲ್ಲ, ನಾಲ್ಕು ವರ್ಷ ಹೊಡೆಸಿದ್ದೆ. ಬಿಚ್ಚಿದಾಗ ಮೌಂಟಿಂಗ್ ರಬ್ಬರ್ ನೀರಲ್ಲಿ ನೆನೆದ ಬ್ರೆಡ್ ತರ, ಉಗುರಲ್ಲಿ ಒತ್ತಿದ್ರೆ ಗುರುತು ಉಳೀತಿತ್ತು. ಇಂಜಿನ್ ಮೇಲಿನ ಟ್ಯಾಪೆಟ್ ಕವರ್ ಪ್ಯಾಕಿಂಗ್ ಲೀಕ್ ಆಗಿ ಆಯಿಲ್ ಮೌಂಟ್ ಮೇಲೆ ಇಳೀತಿದ್ರೂ ಇದೇ ಗತಿ. ಅಂಡರ್‌ಬಾಡಿ ಕೋಟಿಂಗ್ ಬೇಕಿದ್ರೆ ರಬ್ಬರ್ ಭಾಗ ಎಲ್ಲ ಮುಚ್ಚಿ ಮಾಡ್ಸಿ, ಆಯಿಲ್ ಸ್ಪ್ರೇ ಮಾತ್ರ ಬೇಡವೇ ಬೇಡ.

*

ಮೇಲೆ ಹೇಳಿದ್ದು ಸರಿ. ನಾನು ಕುಶಾಲನಗರದಲ್ಲಿ ವರ್ಕ್‌ಶಾಪಲ್ಲೇ ಇರೋದು, ಎರಡು ಮಾತು. ನಿಂತಲ್ಲಿ ನಡುಗೋದು ಮಾತ್ರ ಇದ್ದು ಪೆಟ್ಟು ಇಲ್ಲ ಅಂದ್ರೆ ಮೊದ್ಲು ಸ್ಕ್ಯಾನ್ ಮಾಡ್ಸಿ, ಪ್ಲಗ್ಗು ಕಾಯಿಲ್ ಮಿಸ್‌ಫೈರ್ ಇರುತ್ತೆ, ಇಲ್ಲಾಂದ್ರೆ ಥ್ರಾಟಲ್ ಬಾಡಿ ಗಲೀಜಾಗಿರುತ್ತೆ, ಪಾಪ ಮೌಂಟಿಂಗ್ ಮೇಲೆ ತಪ್ಪು ಹೊರಿಸ್ತಾರೆ. ಇನ್ನೊಂದು, ಹೊಸದು ಹಾಕ್ಬೇಕಾದ್ರೆ ಬೋಲ್ಟೂ ಹೊಸದು ತಗೊಳ್ಳಿ, ಎಷ್ಟೋ ಕಾರಲ್ಲಿ ಅದು ಒಂದು ಸಲ ಟೈಟ್ ಮಾಡಿದ್ರೆ ಹಿಗ್ಗಿ ಹೋಗೋ ಟೈಪು. ಎಲ್ಲ ಬೋಲ್ಟ್ ಕೈಯಲ್ಲಿ ಹಾಕಿ, ಜಾಕ್ ಇಳಿಸಿ, ಇಂಜಿನ್ ಅಲ್ಲಾಡ್ಸಿ ತಾನಾಗೇ ಕೂತ್ಮೇಲೆ ಟಾರ್ಕ್ ರೆಂಚಲ್ಲಿ ಟೈಟ್ ಮಾಡ್ಬೇಕು. ಜಾಕ್ ಮೇಲೆ ಇದ್ದಾಗ್ಲೇ ಟೈಟ್ ಮಾಡಿದ್ರೆ ಕಾರ್ ನಿಂತಿದ್ರೂ ರಬ್ಬರ್ ತಿರುಚಿಕೊಂಡೇ ಇರುತ್ತೆ, ವರ್ಷದೊಳಗೆ ವಾಪಸ್ ಬರ್ತೀರಿ. ಮೂರೂ ಒಟ್ಟಿಗೆ ಬದಲಾಯಿಸ್ಲೇಬೇಕು ಅಂತೇನಿಲ್ಲ, ಆದ್ರೆ ಒಂದು ಹರಿದ್ಮೇಲೆ ಅದರ ಭಾರ ಉಳಿದೆರಡು ಹೊತ್ತಿರುತ್ತೆ, ಅವನ್ನ ನೋಡದೆ ಬಾನೆಟ್ ಮುಚ್ಬೇಡಿ.

*

ಪೊನ್ನಂಪೇಟೆ ಕಡೆಯಿಂದ. ರಬ್ಬರ್ ಬದ್ಲು ಅದಕ್ಕಿಂತ ಗಟ್ಟಿ ಇರೋ ಪಾಲಿಯುರೆಥೇನ್ ಮೌಂಟ್ ಹಾಕ್ಸಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಅದಕ್ಕೆ ಮೊದ್ಲೇ ಹೇಳ್ತೀನಿ ಗುರು. ಗದ್ದೆ ಕೊಯ್ಲಾದ್ಮೇಲೆ ಅಲ್ಲೇ ಆಟೋಕ್ರಾಸ್ ರೇಸ್ ಓಡ್ಸೋ ಹುಚ್ಚಲ್ಲಿ ನಾನು ಮೂರೂ ಪಾಲಿ ಹಾಕ್ಸಿದ್ದೆ. ಗೇರ್ ಬಿದ್ದಿದ್ದು ಗೊತ್ತಾಗುತ್ತೆ, ಸ್ಟಾರ್ಟಲ್ಲಿ ಮುಂದಿನ ಚಕ್ರ ಟಕಟಕ ಕುಣಿಯೋದು ನಿಂತೋಯ್ತು, ಸೂಪರ್. ಆದ್ರೆ ಎಸಿ ಹಾಕಿ ನಿಲ್ಸಿದ್ರೆ ನಡುಕಕ್ಕೆ ಕನ್ನಡಿಯಲ್ಲಿ ಹಿಂದಿನ ಗಾಡಿ ನಂಬರ್ ಓದೋಕಾಗಲ್ಲ, ಅವ್ವ ಒಂದು ಸಲ ಗೋಣಿಕೊಪ್ಪ ಸಂತೆಗೆ ಬಂದೋರು ವಾಪಸ್ ಬಸ್ಸಲ್ಲೇ ಹೋದ್ರು. ಈಗ ಮೇಲಿನ ಎರಡೂ ಕಂಪನಿ ರಬ್ಬರ್, ಕೆಳಗಿನ ಟಾರ್ಕ್ ಮೌಂಟ್‌ಗೆ ಮಾತ್ರ ಪಾಲಿ ಇನ್ಸರ್ಟ್ (ರಬ್ಬರಿನ ಸಂದಿಗೆ ತುಂಬೋ ತುಂಡು). ಇನ್ಸರ್ಟ್ ಜೊತೆ ಕೊಡೋ ಗ್ರೀಸನ್ನೇ ಹಚ್ಚಿ, ಇಲ್ಲಾಂದ್ರೆ ಕಿಯ್ಯೋ ಅನ್ನುತ್ತೆ. ದಿನಾ ಓಡ್ಸೋ ಕಾರಿಗೆ ಇದಕ್ಕಿಂತ ಗಟ್ಟಿ ಬೇಡ.

*

ಎಲ್ರಿಗೂ ಥ್ಯಾಂಕ್ಸ್, ನಿನ್ನೆ ತಮ್ಮನ್ನ ಕೂರ್ಸಿ ವಿಡಿಯೊ ತೆಗೆದೆ. ಆರ್‌ಗೆ ಹಾಕಿದ ಕೂಡ್ಲೆ ಇಂಜಿನ್ ಹಾರುತ್ತೆ, ಇಂಟರ್‌ಕೂಲರ್ ಪೈಪ್ ಕ್ಲಾಂಪ್ ಕೂಡ ಅರ್ಧ ಜಾರಿತ್ತು, ನೋಡಿದ್ದು ಒಳ್ಳೇದಾಯ್ತು. ಕೆಳಗಿನ ಮೌಂಟ್ ಒಂದು ಕಡೆ ಪೂರ್ತಿ ಹರಿದು ಆಚೆ ಬೆಳಕು ಕಾಣುತ್ತೆ, ಮೇಲಿನೆರಡರಲ್ಲಿ ಒದ್ದೆ ಏನಿಲ್ಲ, ಲೀಕ್ ಇಲ್ಲ. ಮೈಸೂರಿಂದ ಪಾರ್ಟ್ ಮತ್ತೆ ಬೋಲ್ಟ್ ಗುರುವಾರ ಬರುತ್ತೆ. ಅಲ್ಲಿವರೆಗೆ ತೋಟಕ್ಕೆ ಅಪ್ಪನ ಜೀಪು.